‘ಆವೇಶ’: ಅರ್ಥಪಲ್ಲಟ ಮತ್ತು ಕರ್ತೃತ್ವ

ಹತೋಟಿ ಮೀರಿದ ಉದ್ರೇಕಕ್ಕೆ ಇಂದಿನ ಕನ್ನಡದಲ್ಲಿ ಬಳಕೆಯಾಗುವ ‘ಆವೇಶ’ ಪದದ ಮೂಲಾರ್ಥ ‘ಒಳಹೊಗುವಿಕೆ’. ಸಂಸ್ಕೃತದ ‘ವಿಶ್’ ಧಾತುವಿಗೆ ‘ಆ’ ಉಪಸರ್ಗ ಸೇರಿ ಇದು ಸಿದ್ಧಿಸಿದೆ. ‘ಪ್ರವೇಶ’ವೂ ಅದೇ ಧಾತುವಿನದು. ಸೋಮರಸದ ಬಿಂದುಗಳು ಇಂದ್ರನನ್ನು ಹೊಗಲೆಂದು ಋಗ್ವೇದವು ಪ್ರಾರ್ಥಿಸುವಾಗ ಬಳಸುವುದು ಈ ಕ್ರಿಯಾಪದವನ್ನೇ. ಮಹಾಭಾರತದ ವನಪರ್ವದಲ್ಲಿ ಕಲಿಯು ನಳನನ್ನು ಹೊಗುತ್ತಾನೆ. ನಳನು ರಾಜ್ಯ ಸೋಲುವವರೆಗೂ ಜೂಜಾಡುತ್ತಾನೆ. 16ನೆಯ ಶತಮಾನದ ಕನಕದಾಸರ ‘ನಳಚರಿತ್ರೆ’ಯಿಂದ ಈ ಕಥೆ ಕನ್ನಡಿಗರಿಗೆ ಸುಪರಿಚಿತ. ಇಲ್ಲಿ ಹೊಗುವ ಕಲಿಯೇ ಕರ್ತೃ; ನಳನು ಅವನಿಗೆ ಆಶ್ರಯ ಮಾತ್ರ.

ಕನ್ನಡದ ‘ಮೈಮೇಲೆ ಬರು’ ಎಂಬ ನುಡಿಗಟ್ಟಿನ ರಚನೆಯೂ ಇಂಥದೇ: ಬರುವುದು ದೈವ, ಮನುಷ್ಯನ ಮೈ ಅದರ ಅಧಿಕರಣ. ‘ಅವನಿಗೆ ಆವೇಶ ಬಂತು’ ಎಂಬಲ್ಲಿ ದೈವ ಮರೆಯಾಗಿ ಆವೇಶವೇ ಕರ್ತೃಸ್ಥಾನಕ್ಕೇರಿದೆ. ‘ಅವನು ಆವೇಶಗೊಂಡನು’ ಎಂಬಲ್ಲಿ ಮನುಷ್ಯನೇ ಕರ್ತೃ. ಮಲಯಾಳದ ‘ಆವೇಶಂ’ ಹುರುಪು, ಉತ್ಸಾಹಗಳಿಗೂ ಸಲ್ಲುತ್ತದೆ. ಕನ್ನಡದಲ್ಲಿ ಕೋಪದ ಛಾಯೆ ದಟ್ಟವಾಗಿದೆ.

‘ಆವೇಶದ ಭರದಲ್ಲಿ ಹೊಡೆದನು’ ಎಂಬ ವಾಕ್ಯದಲ್ಲಿ ವ್ಯಾಕರಣದ ಕರ್ತೃ ಹೊಡೆದವನೇ. ಆದರೂ ಹೊಣೆಯ ಒಂದು ಪಾಲು ಆವೇಶಕ್ಕೆ ಜಾರುತ್ತದೆ. ‘ಒಳಹೊಗುವಿಕೆ’ಯ ಅರ್ಥ ಮಾಸಿದರೂ ಅದು ನೀಡುತ್ತಿದ್ದ ರಿಯಾಯಿತಿ ಪ್ರಯೋಗದಲ್ಲಿ ಉಳಿದಿದೆಯೆಂದು ನಾವು ಭಾವಿಸುತ್ತೇವೆ.