ವ್ಯಸನಕ್ಕೆ ಸಿಕ್ಕ ಬಾಣಂತಿ ಮತ್ತು ಸ್ಥಿತಿಕರಣ

ಪಾನನಿಷೇಧದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಾಯಿದೆಯನ್ನೂ ಕಂದಾಯವನ್ನೂ ಎಣಿಸಿದ್ದಾರೆ; ಬಾಣಂತಿಯನ್ನು ಎಣಿಸಿಲ್ಲ. ಮದ್ರಾಸು ಪ್ರಾಂತ್ಯದಲ್ಲಿ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಿಂದ ಮೊದಲಾದ ನಿಷೇಧವು 1948ರಲ್ಲಿ ಇಡೀ ಪ್ರಾಂತ್ಯವನ್ನು ವ್ಯಾಪಿಸಿತು. ಮರುವರ್ಷ ಸಂಡೂರು ಸಂಸ್ಥಾನವು ಅದೇ ಪ್ರಾಂತ್ಯದಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿಯೊಡನೆ ಮೈಸೂರಿಗೆ ಸೇರಿತು. 1967ರಲ್ಲಿ ಮೈಸೂರು ರಾಜ್ಯವು ನಿಷೇಧವನ್ನು ಕೈಬಿಟ್ಟಿತು. ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಗಣಿಯಲ್ಲಿ ಅದಿರು ಒಡೆದು ಆರಿಸುತ್ತಿದ್ದ ಹೆಣ್ಣಾಳು ದಣಿವಿಗೂ ಹಸಿವಿಗೂ ಯಾವುದನ್ನು ಆಶ್ರಯಿಸಿದಳೆಂಬುದು ಈ ಲೆಕ್ಕಗಳಲ್ಲಿ ಸಿಗುವುದಿಲ್ಲ.

ಅದು ನಮ್ಮ ಅಂಗಡಿಯ ಲೆಕ್ಕದಲ್ಲಿತ್ತು. ಒಂದು ಕಾಲಕ್ಕೆ ನಾವೂ ಹೊಗೆಸೊಪ್ಪು ಮಾರಿದವರೇ. ಹಸುಗೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದು ಸಾಲ ಬರೆಸಿ ಒಯ್ದವರ ಹೆಸರುಗಳುಳ್ಳ ವಹಿಗಳು ಇಂದಿಗೂ ನನ್ನ ಬಳಿ ಇವೆ. ಮದ್ಯ ಮುಟ್ಟದ ಮನೆತನವೆಂಬ ಹೆಮ್ಮೆ ಬೇರೆ ನಮಗೆ! ನಿಕೋಟಿನ್ ಎದೆಹಾಲಿಗೆ ಇಳಿಯುತ್ತದೆಂಬುದನ್ನು ನಾನು ಅರಿತದ್ದು ತೀರ ತಡವಾಗಿ.

ಇಂಥ ತಾಯಿಯನ್ನು ಕಂಡರೆ ಛೀ ಎನ್ನುವವರೇ ಹೆಚ್ಚು. ನಮ್ಮ ಕಥಾಕೋಶಗಳಲ್ಲಿ ಬರುವ ಜ್ಯೇಷ್ಠೆಯ ಪ್ರಸಂಗವನ್ನು ಅವರು ನೆನೆಯಬೇಕು. ಆಕೆ ಆರ್ಯಿಕೆ, ವ್ರತದಿಂದ ಜಾರಿ ಗರ್ಭವತಿಯಾದಳು. ರಾಣಿ ಚೇಲಿನಿ ಆಕೆಯನ್ನು ಬೀದಿಗೆ ಎಳೆಯಲಿಲ್ಲ, ಬಾಣಂತನ ಮುಗಿಯುವವರೆಗೆ ತನ್ನ ಆಶ್ರಯದಲ್ಲಿ ಇರಿಸಿಕೊಂಡಳು. ಬಳಿಕ ಜ್ಯೇಷ್ಠೆ ಪ್ರಾಯಶ್ಚಿತ್ತ ಪಡೆದು ಮತ್ತೆ ವ್ರತಸ್ಥಳಾದಳು. ಅಲ್ಲಿದ್ದದ್ದು ವ್ಯಸನವಲ್ಲ, ನಿಜ. ಆದರೆ ಉಪಗೂಹನ, ಸ್ಥಿತಿಕರಣ ಎಂಬ ಸಮ್ಯಗ್ದರ್ಶನದ ಎರಡು ಅಂಗಗಳು ಸೂತಿಕಾಗೃಹದವರೆಗೂ ಸಲ್ಲುತ್ತವೆಂದು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವೈದ್ಯರ ಅನುಭವವೂ ಇದಕ್ಕೆ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2009ರಲ್ಲಿ ಮಾನಸಿಕವಾಗಿ ಅಸ್ವಸ್ಥರಾದ ಬಾಣಂತಿಯರನ್ನು ಕೂಸಿನೊಡನೆಯೇ ಇರಿಸಿಕೊಂಡು ಉಪಚರಿಸುವ ವಾರ್ಡನ್ನು ತೆರೆಯಿತು. ಬಸುರಿನಲ್ಲಿ ಕುಡಿತ ಬಿಟ್ಟವಳು ಹೆರಿಗೆಯ ನಂತರ ನಿದ್ದೆಗೇಡಿನಿಂದಲೂ ಖಿನ್ನತೆಯಿಂದಲೂ ಮತ್ತೆ ಅದಕ್ಕೇ ಮರಳುವುದುಂಟು. ದೀರ್ಘಕಾಲ ಕುಡಿದವಳನ್ನು ಒಂದೇ ದಿನದಲ್ಲಿ ಬಿಡಿಸಹೊರಟರೆ ನಡುಕ, ಸೆಳವು ಬಂದು ಪ್ರಾಣಕ್ಕೇ ಅಪಾಯ. ಆದ್ದರಿಂದ ಆಣೆ ಹಾಕಿಸುವುದು ಸಾಲದು, ವೈದ್ಯರೇ ಬೇಕು.

ಈಗ ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮೇಲೆ 42 ದಿನಗಳವರೆಗೆ ಮನೆಗೆ ಬಂದು ಕೂಸನ್ನು ನೋಡುತ್ತಾರೆ. ಅವರು ಗದರದೆ ತಾಯಿಯ ಚಟವನ್ನೂ ವಿಚಾರಿಸುವುದಾದರೆ, ಆಕೆ ಬಳ್ಳಾರಿಯ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಹಣವನ್ನೂ ಅಂದಿನ ಕೂಲಿಯನ್ನೂ ನಮ್ಮ ವಹಿಯಲ್ಲಿ ಖರ್ಚು ಬರೆಯಲು ನಾನು ಸಿದ್ಧನಿದ್ದೇನೆ.