ಲೈವ್ ಸಿ.ಡಿ.ಯೂ ಜಾಲದ ಆಟವೂ

ಹಳೆಯ ಮೈಸೂರು ಸೀಮೆಯಲ್ಲಿ ದೇವಾಲಯಗಳ ಜಗಲಿಗಳ ಮೇಲೆಯೂ ಮಂಟಪಗಳ ಚಪ್ಪಡಿಗಳ ಮೇಲೆಯೂ ಹುಲಿಕುರಿ, ಚೌಕಾಬಾರ ಮೊದಲಾದ ಆಟಗಳ ಮನೆಗಳನ್ನು ಕೊರೆದಿರುವುದು ಅನೇಕ ಕಡೆ ಕಾಣಬರುತ್ತದೆ. ಆ ಕಲ್ಲು ಯಾವ ಆಟಗಾರನ ಸ್ವತ್ತೂ ಅಲ್ಲ. ಆಡಬಂದವನು ನಾಲ್ಕು ಹರಳುಗಳನ್ನೋ ಕವಡೆಗಳನ್ನೋ ತರುತ್ತಾನೆ. ಆಟ ಮುಗಿದ ಮೇಲೆ ಅವನ್ನು ಎತ್ತಿಕೊಂಡು ಹೋಗುತ್ತಾನೆ. ಕಲ್ಲು ಮುಂದಿನವನಿಗೆ ಬರಿದಾಗಿ ಉಳಿಯುತ್ತದೆ. ಪರರ ಕಂಪ್ಯೂಟರಿನಲ್ಲಿ ತನ್ನ ಆಟವನ್ನು ಹೂಡಿ, ಯಾವ ಗುರುತನ್ನೂ ಬಿಡದೆ ಎದ್ದುಹೋಗಲು ಅನುಕೂಲವಾದ 'ಲೈವ್ ಸಿ.ಡಿ.' ಎಂಬ ಬಿಲ್ಲೆಯ ಚರಿತ್ರೆಯೂ ಸ್ವಲ್ಪಮಟ್ಟಿಗೆ ಈ ಬಗೆಯದೇ. ಮಂಡ್ಯ ತಾಲ್ಲೂಕಿನ ದುದ್ದದಂತಹ ಹೋಬಳಿಯ ಊರುಗಳಲ್ಲಿ ಈ ಶತಮಾನದ ಆರಂಭಕ್ಕೆ ಕಂಪ್ಯೂಟರೆಂಬುದು ಮನೆಮನೆಯ ವಸ್ತುವಾಗಿರಲಿಲ್ಲ. ಅದು ಶಾಲೆಯ ಕೊಠಡಿಯಲ್ಲಿ ಬೀಗದೊಳಗೆ ಇರತಕ್ಕದ್ದು, ಇಲ್ಲವೆ ಪೇಟೆಯ ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಬಾಡಿಗೆಗೆ ದೊರೆಯತಕ್ಕದ್ದು. ಯಂತ್ರ ತನ್ನದಲ್ಲದವನಿಗೆ ಈ ಬಿಲ್ಲೆಯ ಪ್ರಯೋಜನವು ಯಂತ್ರವುಳ್ಳವನಿಗಿಂತ ಅಧಿಕವಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಕಂಪ್ಯೂಟರಿಗೆ ವಿದ್ಯುತ್ತು ಹರಿದೊಡನೆ ಅದಕ್ಕೆ ತಾನು ಯಾರೆಂಬ ಅರಿವೇ ಇರುವುದಿಲ್ಲ. ಅದರ ಹಲಗೆಯಲ್ಲಿ ನೆಲೆಗೊಂಡಿರುವ ಚಿಕ್ಕದೊಂದು ಕ್ರಮವಿಧಿಯು ಮಾತ್ರ ಎಚ್ಚತ್ತು, 'ಮುಂದಿನ ಆಜ್ಞೆಗಳು ಎಲ್ಲಿವೆ?' ಎಂದು ಒಂದೊಂದು ಸ್ಥಾನವನ್ನೂ ಹುಡುಕುತ್ತದೆ. ಸಾಮಾನ್ಯವಾಗಿ ಅವು ಯಂತ್ರದೊಳಗಿನ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಅಲ್ಲಿಂದ ಕಾರ್ಯವ್ಯವಸ್ಥೆಯನ್ನು ಎಬ್ಬಿಸುವುದಕ್ಕೆ 'ಬೂಟ್' ಮಾಡುವುದೆಂದು ಹೆಸರು. ಹುಡುಕುವ ಕ್ರಮದಲ್ಲಿ ಸಿ.ಡಿ.ಯನ್ನು ಮೊದಲಿಗೆ ಇರಿಸಿದರೆ ಹಾರ್ಡ್ ಡಿಸ್ಕಿನ ಗೊಡವೆಯೇ ಇಲ್ಲದೆ ಬೇರೊಂದು ವ್ಯವಸ್ಥೆ ಎದ್ದು ನಿಲ್ಲುತ್ತದೆ. ಶಂಕರಾಚಾರ್ಯರು ಅಮರುಕರಾಜನ ದೇಹವನ್ನು ಹೊಕ್ಕ ಕಥೆಯನ್ನು ವಾಚಕರು ಕೇಳಿರುವರಷ್ಟೆ. ಲೈವ್ ಸಿ.ಡಿ.ಯು ಮಾಡುವುದೂ ಅಂತಹ ಪರಕಾಯಪ್ರವೇಶವನ್ನೇ: ದೇಹ ಪರರದು, ಒಳಗಿನ ಚೈತನ್ಯ ಮಾತ್ರ ಬಿಲ್ಲೆಯದು. ಹೊರಟುಹೋದ ಮೇಲೆ ದೇಹವು ಮೊದಲಿನಂತೆಯೇ ಇರುತ್ತದೆ.

ಈ ವಿದ್ಯೆ ಒಮ್ಮೆಲೇ ಸಿದ್ಧಿಸಿದುದಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಸ್ವತಂತ್ರ ತಂತ್ರಾಂಶದ ಸಂಕಲ್ಪವನ್ನು ಪ್ರಕಟಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ರಚಿಸಿ, ಮರುವರ್ಷ ಅದನ್ನು ಗ್ನೂವಿನ ಪರವಾನಗಿಗೆ ಒಳಪಡಿಸಿದರು. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು ಎಂಬ ಈ ಅನುಮತಿಯೇ ಇಲ್ಲದಿದ್ದರೆ ಒಂದು ವ್ಯವಸ್ಥೆಯನ್ನು ಇಡಿಯಾಗಿ ಬಿಲ್ಲೆಗೆ ತುಂಬಿ ಊರೂರಿಗೆ ಕಳುಹುವುದು ಕಳ್ಳತನವೆನಿಸುತ್ತಿತ್ತು. 1992ರ ಕೊನೆಯಲ್ಲಿಯೇ ಇಗ್‌ಡ್ರಾಸಿಲ್ ಎಂಬ ಲಿನಕ್ಸ್ ಸಂಗ್ರಹವು ಸಿ.ಡಿ.ಯಿಂದ ನೇರವಾಗಿ ನಡೆಯುವಂತೆ ಹೊರಬಂದಿತು. ಆದರೆ ಅದನ್ನು ಎಬ್ಬಿಸಲು ಜೊತೆಗೊಂದು ಫ್ಲಾಪಿ ಬೇಕಾಗಿತ್ತು. ಸಿ.ಡಿ.ಯಿಂದಲೇ ಬೂಟ್ ಮಾಡುವ ನಿಯಮಗಳನ್ನು ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳವರು 1995ರಲ್ಲಿ ಗೊತ್ತುಪಡಿಸಿದರು. ಆ ನಿಯಮಾವಳಿಗೆ ಎಲ್ ಟೊರಿಟೊ ಎಂದು ಹೆಸರು. ಅದು ಕ್ಯಾಲಿಫೋರ್ನಿಯಾದ ಒಂದು ಭೋಜನಶಾಲೆಯ ಹೆಸರಂತೆ. ಗಹನವಾದ ನಿಯಮಗಳು ಊಟದ ಮೇಜಿನ ಬಳಿ ಹುಟ್ಟುವುದು ವಿದ್ವತ್ಸಭೆಗಳನ್ನು ಬಲ್ಲವರಿಗೆ ಆಶ್ಚರ್ಯವಲ್ಲ. ಕಡೆಗೆ 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಹೊರತಂದ ಕ್ನಾಪಿಕ್ಸ್ ಎಂಬ ಸಂಗ್ರಹದಿಂದ ಲೈವ್ ಸಿ.ಡಿ.ಯು ಲೋಕಪ್ರಸಿದ್ಧವಾಯಿತು. ತಾನು ಹೊಕ್ಕ ಯಂತ್ರದ ಅಂಗಾಂಗಗಳನ್ನು ತಾನೇ ಗುರುತಿಸಿಕೊಳ್ಳುವುದೂ, ಸುಮಾರು 2 ಜಿ.ಬಿ.ಯಷ್ಟು ಸಾಮಗ್ರಿಯನ್ನು ಒತ್ತಿ 700 ಎಂ.ಬಿ.ಯ ಬಿಲ್ಲೆಯೊಳಗೆ ಅಡಕಮಾಡಿದ್ದೂ ಅದರ ಹೆಚ್ಚುಗಾರಿಕೆ.

ಆಟಕ್ಕಾಗಿಯೇ ಇಂತಹ ಬಿಲ್ಲೆಯನ್ನು ಮಾಡುವವರ ಕಾರ್ಯವು ಇನ್ನೂ ಸೂಕ್ಷ್ಮವಾದುದು. ಮೊದಲು ತಮ್ಮ ಯಂತ್ರದ ಒಂದು ಕೋಶದೊಳಗೆ ಲಿನಕ್ಸ್ ವ್ಯವಸ್ಥೆಯೊಂದನ್ನು ಇಡಿಯಾಗಿ ಬಿಚ್ಚಿ ಹರಡುತ್ತಾರೆ. ಬಳಿಕ ಆ ಕೋಶವನ್ನೇ ಮೂಲವೆಂದು ಭಾವಿಸುವ ಆಜ್ಞೆಯನ್ನಿತ್ತು, ಮನೆಯೊಳಗೆ ಮನೆಯನ್ನು ಹೊಕ್ಕಂತೆ, ಅದರೊಳಗೆ ಪ್ರವೇಶಿಸುತ್ತಾರೆ. ಅಲ್ಲಿ ಆಟವನ್ನೂ, ಚಿತ್ರ ಮೂಡಿಸುವ ಕಾರ್ಡು, ಧ್ವನಿ, ಜಾಲ ಇವುಗಳ ಚಾಲಕಾಂಶಗಳನ್ನೂ ನೆಲೆಗೊಳಿಸುತ್ತಾರೆ. ಕಚೇರಿಯ ತಂತ್ರಾಂಶ, ಕೈಪಿಡಿಗಳು, ಬೇಡದ ಭಾಷೆಗಳ ಕಡತಗಳು ಇವೆಲ್ಲವನ್ನೂ ನಿರ್ದಾಕ್ಷಿಣ್ಯವಾಗಿ ಕಿತ್ತೊಗೆಯುತ್ತಾರೆ, 700 ಎಂ.ಬಿ.ಯ ಮಿತಿಯೊಳಗೆ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಉಳಿದುದನ್ನು ಒತ್ತಿ ಒಂದೇ ಕಡತವನ್ನಾಗಿ ಮಾಡಿ, ಲಿನಕ್ಸಿನ ತಿರುಳನ್ನೂ ಬೂಟ್ ಮಾಡಿಸುವ ಚಿಕ್ಕ ಭಾಗವನ್ನೂ ಕೂಡಿಸಿ, 'ಐ.ಎಸ್.ಒ.' ಎಂಬ ಪ್ರತಿರೂಪವನ್ನು ಕಟ್ಟಿ ಬಿಲ್ಲೆಗೆ ಬರೆಯುತ್ತಾರೆ. ಬರೆದ ಬಿಲ್ಲೆಯನ್ನು ಓದಬಹುದೇ ಹೊರತು ತಿದ್ದಲಾಗದು. ಆದುದರಿಂದ ಆಟಗಾರನ ಹೆಸರು, ಅವನ ಗುರಿಗಳು, ಅವನು ಬದಲಿಸಿದ ಕೀಲಿಗಳು ಇವೆಲ್ಲವೂ ಯಂತ್ರದ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮಿನಲ್ಲಿ ಇರಬೇಕು. ಬಿಲ್ಲೆಯ ಮೇಲೆ ರ‍್ಯಾಮಿನ ತೆರೆಯೊಂದನ್ನು ಹೊದಿಸಿ, ಎರಡೂ ಒಂದೆಂಬಂತೆ ತೋರಿಸುವ ಯುಕ್ತಿಯು ತರುವಾಯ ಬಳಕೆಗೆ ಬಂದಿತು. ವಿದ್ಯುತ್ತು ನಿಂತೊಡನೆ ತೆರೆ ಹರಿಯುತ್ತದೆ. ಹಿಂದಿನ ಆಟದ ನೆನಪು ಬಿಲ್ಲೆಗೆ ಲವಲೇಶವೂ ಇರುವುದಿಲ್ಲ.

ಡೇನಿಯಲ್ ರಾಬಿನ್ಸ್ ಸ್ಥಾಪಿಸಿದ ಜೆಂಟೂ ಲಿನಕ್ಸಿನವರು 2002ರಲ್ಲಿ ಅನ್‌ರಿಯಲ್ ಟೂರ್ನಮೆಂಟ್ 2003 ಎಂಬ ಆಟದ ಮಾದರಿಭಾಗವನ್ನು ಇಂತಹ ಬಿಲ್ಲೆಯಲ್ಲಿ ಹೊರತಂದರು. ಬಿಲ್ಲೆಯನ್ನು ಹಾಕಿ ಯಂತ್ರವನ್ನು ಎಬ್ಬಿಸಿದರೆ ಸಾಕು, ಆಟವು ಎದುರಿಗೆ ನಿಲ್ಲುತ್ತಿತ್ತು. ಲಿನಕ್ಸಿನಲ್ಲಿ ಆಟವಾಡಲಾಗದೆಂಬ ಅಪವಾದಕ್ಕೆ ಇದು ಪ್ರತ್ಯಕ್ಷಪ್ರಮಾಣದ ಉತ್ತರವಾಯಿತು. ಆದರೆ ಇಲ್ಲಿಯೇ ಒಂದು ತೊಡಕೂ ಹುಟ್ಟಿತು. ವೇಗದ ಚಿತ್ರಗಳಿಗೆ ಬೇಕಾದ ಎನ್‌ವಿಡಿಯಾದಂತಹ ಕಾರ್ಡುಗಳ ಚಾಲಕಾಂಶವು ಸ್ವತಂತ್ರವಾದುದಲ್ಲ. ಅದರ ಮೂಲವನ್ನು ತಯಾರಕರು ಮುಚ್ಚಿಟ್ಟಿದ್ದರು. ಮುಚ್ಚಿದ ಅಂಶವನ್ನು ತೆರೆದ ತಿರುಳಿನೊಡನೆ ಒಂದೇ ಬಿಲ್ಲೆಯಲ್ಲಿ ಹಂಚುವುದು ಪರವಾನಗಿಗೆ ಸಮ್ಮತವೇ ಎಂಬ ವಿವಾದವು ಬೆಳೆಯಿತು. 2006ರಲ್ಲಿ ಕೊರೊರಾ ಎಂಬ ಆಸ್ಟ್ರೇಲಿಯದ ಲೈವ್ ಸಿ.ಡಿ.ಯ ಕರ್ತೃ ಇದೇ ಆಕ್ಷೇಪಕ್ಕೆ ಗುರಿಯಾಗಿ ಹಂಚಿಕೆಯನ್ನು ನಿಲ್ಲಿಸಬೇಕಾಯಿತು. ಉಚಿತವಾಗಿ ಕೊಟ್ಟದ್ದೆಲ್ಲವೂ ಸ್ವತಂತ್ರವಲ್ಲವೆಂಬ ಸೂಕ್ಷ್ಮವನ್ನು ಆಟದ ಗಡಿಬಿಡಿಯಲ್ಲಿ ಗಮನಿಸಿದವರು ವಿರಳ.

ಕರ್ನಾಟಕಕ್ಕೆ ಈ ಬಿಲ್ಲೆಗಳು ಬಂದ ದಾರಿ ಜಾಲದ್ದಲ್ಲ, ಬಹುಮಟ್ಟಿಗೆ ಅಂಚೆಯದು. ಸೆಕೆಂಡಿಗೆ 56 ಕಿಲೋಬಿಟ್ ಒಯ್ಯುವ ದೂರವಾಣಿ ಮೋಡೆಮ್ಮು ಒಂದು ಕ್ಷಣವೂ ನಿಲ್ಲದೆ ಪೂರ್ಣವೇಗದಿಂದ ದುಡಿದರೂ 700 ಎಂ.ಬಿ.ಯನ್ನು ತರಲು ಸುಮಾರು 29 ಗಂಟೆಗಳು ಬೇಕು. ಹಾಗೆ ನಿಲ್ಲದೆ ದುಡಿಯುವ ತಂತಿಯಾಗಲಿ, ಅಷ್ಟು ಹೊತ್ತು ಇರುವ ವಿದ್ಯುತ್ತಾಗಲಿ ಹಳ್ಳಿಗಳಲ್ಲಿ ಎಲ್ಲಿಯದು? ಪಿ.ಸಿ.ಕ್ವೆಸ್ಟ್ ಎಂಬ ಭಾರತೀಯ ಮಾಸಪತ್ರಿಕೆಯು 1996ರಿಂದ ತನ್ನ ಸಂಚಿಕೆಗಳೊಡನೆ ಲಿನಕ್ಸ್ ಸಿ.ಡಿ.ಗಳನ್ನು ಕೊಡತೊಡಗಿದುದರಿಂದಲೇ ಈ ದೇಶದ ಅನೇಕ ವಿದ್ಯಾರ್ಥಿಗಳಿಗೆ ಅದರ ಮುಖಪರಿಚಯವಾಯಿತು. 2004ರಲ್ಲಿ ಹುಟ್ಟಿದ ಉಬುಂಟು ಎಂಬ ಸಂಗ್ರಹದವರು ಕೇಳಿದವರ ಮನೆಗೆ ಕಾಸಿಲ್ಲದೆ ಬಿಲ್ಲೆಗಳನ್ನು ಅಂಚೆಯಲ್ಲಿ ಕಳುಹುತ್ತಿದ್ದರು. ಆ ಔದಾರ್ಯ 2011ರವರೆಗೆ ನಡೆಯಿತು. ಬೆಂಗಳೂರಿನಲ್ಲಿ 2001ರಿಂದ 'ಲಿನಕ್ಸ್ ಬೆಂಗಳೂರು' ಎಂಬ ಸಮ್ಮೇಳನವು ಜರುಗಿ, ಮುಂದೆ 'ಫಾಸ್ ಡಾಟ್ ಇನ್' ಎಂಬ ಹೆಸರು ತಾಳಿ 2012ರವರೆಗೆ ಸೇರುತ್ತಿತ್ತು. ಸರ್ಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗೆ ಉಬುಂಟುವಿನಲ್ಲಿ ಶಿಕ್ಷಣ ಕೊಡುವ ಕಾರ್ಯದಲ್ಲಿ ಬೆಂಗಳೂರಿನ 'ಐ.ಟಿ. ಫಾರ್ ಚೇಂಜ್' ಸಂಸ್ಥೆಯು ಕೈಜೋಡಿಸಿದುದು ತದನಂತರದ ಮಾತು.

ಬಿಲ್ಲೆ ಕೈಗೆ ಬಂದರೂ ಜಾಲದ ಆಟ ಕೈಗೆ ಬಂದಂತಾಗಲಿಲ್ಲ. ಅಗ್ಗದ ಯಂತ್ರಗಳಲ್ಲಿದ್ದ 'ವಿನ್‌ಮೋಡೆಮ್' ಎಂಬ ಒಳಮೋಡೆಮ್ಮುಗಳು ತಮ್ಮ ಅರ್ಧ ಕೆಲಸವನ್ನು ವಿಂಡೋಸಿನ ತಂತ್ರಾಂಶದ ತಲೆಗೆ ಕಟ್ಟುತ್ತಿದ್ದುದರಿಂದ ಅವುಗಳಲ್ಲಿ ಬಹಳಷ್ಟು ಲಿನಕ್ಸಿಗೆ ಓಗೊಡುತ್ತಿರಲಿಲ್ಲ. ಮಣೆ ಸಿದ್ಧವಾಗಿದೆ, ಕಾಯಿಗಳೂ ಇವೆ, ಎದುರಾಳಿಯ ಮನೆಗೆ ಹೋಗುವ ದಾರಿ ಮಾತ್ರ ಇಲ್ಲ; ಇದು ಆ ಕಾಲದ ಅನೇಕರ ಪಾಡು.

ಜಾಲದ ಆಟದಲ್ಲಿ ಬಿಲ್ಲೆಯು ಕೇವಲ ಅರ್ಧಾಂಗ. ಮಿಕ್ಕರ್ಧವು ಎಲ್ಲಿಯೋ ಇರುವ ಸರ್ವರಿನಲ್ಲಿ, ಅಂದರೆ ಪರರ ವಶದಲ್ಲಿ, ಇರುತ್ತದೆ. ಇದಕ್ಕೆ 'ಅಮೆರಿಕಾಸ್ ಆರ್ಮಿ' ಎಂಬ ಆಟದ ಗತಿಯನ್ನು ನೋಡಬಹುದು. ತರುಣರನ್ನು ಸೈನ್ಯಕ್ಕೆ ಸೆಳೆಯುವ ಉದ್ದೇಶದಿಂದ ಅಮೆರಿಕಾದ ಭೂಸೇನೆಯು ಇದನ್ನು 2002ರ ಜುಲೈ 4ರಂದು ಉಚಿತವಾಗಿ ಪ್ರಕಟಿಸಿತು. ಅನ್‌ರಿಯಲ್ ಆಟದ ಯಂತ್ರಾಂಶದ ಮೇಲೆಯೇ ಕಟ್ಟಿದ ಇದಕ್ಕೆ ಲಿನಕ್ಸ್ ರೂಪವೂ ಇತ್ತು, ಜೆಂಟೂವಿನ ಲೈವ್ ಸಿ.ಡಿ.ಯೂ ಬಂದಿತು. ಸೈನಿಕರನ್ನು ಕಲೆಹಾಕುವ ಬಲೆಯನ್ನು ಸ್ವತಂತ್ರ ತಂತ್ರಾಂಶದ ದಾರದಿಂದ ಹೆಣೆದುದು ಯುಕ್ತವೇ ಎಂಬ ಪ್ರಶ್ನೆಗೆ ಪರವಾನಗಿಯಲ್ಲಿ ಉತ್ತರವಿಲ್ಲ. ಯಾವ ಉದ್ದೇಶಕ್ಕಾದರೂ ಬಳಸಬಹುದೆಂಬುದೇ ಅದರ ಮೊದಲ ವಿಧಿ. ಕೆಲವು ವರ್ಷಗಳಲ್ಲಿ ಲಿನಕ್ಸ್ ರೂಪವನ್ನು ಕೈಬಿಡಲಾಯಿತು. 2022ರ ಮೇ 5ರಂದು ಸೇನೆಯು ಆಟದ ಸರ್ವರುಗಳನ್ನೂ ಮುಚ್ಚಿತು. ಹಳೆಯ ಬಿಲ್ಲೆ ಗೀರುಬೀಳದೆ ಉಳಿದಿದ್ದರೆ ಹಳೆಯ ಯಂತ್ರದಲ್ಲಿ ಇಂದಿಗೂ ಎದ್ದೀತು. ಆದರೆ ಅದು ಹುಡುಕುವ ಸೇನೆಯ ಸರ್ವರು ಈಗಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನವು ಚದುರಂಗದ್ದು. 1992ರಲ್ಲಿ ಆರಂಭವಾದ ಜಾಲದ ಚದುರಂಗ ಸರ್ವರು ಸ್ವಯಂಸೇವಕರ ಕೈಯಲ್ಲಿ ಬೆಳೆದಿತ್ತು. 1995ರಲ್ಲಿ ಅದನ್ನು ಹಣ ತೆತ್ತು ಆಡುವ ಸಂಸ್ಥೆಯನ್ನಾಗಿ ಮಾರ್ಪಡಿಸಿದಾಗ ಒಪ್ಪದ ಆಟಗಾರರು ಪ್ರತ್ಯೇಕವಾಗಿ ಉಚಿತ ಸರ್ವರೊಂದನ್ನು ನಿಲ್ಲಿಸಿದರು. ಅವರಿಂದ ಹಾಗೆ ಮಾಡಲಾದುದು ಏಕೆಂದರೆ ಚದುರಂಗದ ನಿಯಮಗಳು ಯಾರ ಪೆಟ್ಟಿಗೆಯೊಳಗೂ ಇರಲಿಲ್ಲ. ಈ ಸರ್ವರಿನೊಡನೆ ಮಾತನಾಡಬಲ್ಲ ಎಕ್ಸ್‌ಬೋರ್ಡ್ ಎಂಬ ಮಣೆಯೂ, ಎದುರಾಳಿ ದೊರೆಯದಾಗ ತಾನೇ ಆಡುವ ಗ್ನೂ ಚೆಸ್ಸೂ ಸ್ವತಂತ್ರ ತಂತ್ರಾಂಶಗಳೇ. ಇವೆರಡಕ್ಕೂ ಬಿಲ್ಲೆಯಲ್ಲಿ ಬೇಕಾದ ಸ್ಥಳ ಅತ್ಯಲ್ಪ. ಎನ್‌ವಿಡಿಯಾದ ಹಂಗೂ ಇಲ್ಲ.

ಮೈಸೂರಿನವರಿಗೆ ಈ ಮಾತು ಹೊಸದಲ್ಲ. 1831ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರವರು ವಿದ್ಯೆಗೂ ಆಟಗಳಿಗೂ ತಮ್ಮ ಬುದ್ಧಿಯನ್ನು ಧಾರಾಳವಾಗಿ ವ್ಯಯಿಸಿದರು. ಚದುರಂಗದ ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ಬಂಧಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳ ವಿವರಗಳನ್ನು ಸೇರಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಆಟದ ಮಣೆಗಳ ಚಿತ್ರಗಳಿವೆ. ಒಡೆಯರವರು 1868ರಲ್ಲಿ ಕಾಲವಾದರು. ವಿಧಿಗಳು ಬರಹದಲ್ಲಿ ಉಳಿದಿರುವುದರಿಂದ ಅವರ ಕುದುರೆಯನ್ನು ಇಂದಿನ ಬಾಲಕನೂ ಯಾರ ಅಪ್ಪಣೆಯನ್ನೂ ಬೇಡದೆ ನಡೆಸಬಹುದು.

ಈಗ ಸಿ.ಡಿ.ಯ ಸ್ಥಾನಕ್ಕೆ ಪೆನ್ ಡ್ರೈವ್ ಬಂದಿದೆ. ಹೊಸ ಯಂತ್ರಗಳಲ್ಲಿ ಬಿಲ್ಲೆ ಹಾಕುವ ಬಾಯಿಯೇ ಅಪರೂಪ. ಪೆನ್ ಡ್ರೈವಿನಲ್ಲಿ ಒಂದು ಭಾಗವನ್ನು ನೆನಪಿಗೆಂದು ಮೀಸಲಿಡಬಹುದಾದುದರಿಂದ ಹಳೆಯ ಮರೆವೂ ಅನಿವಾರ್ಯವಲ್ಲ. ಸಿ.ಡಿ.ಯ ಕಾಲದಲ್ಲಿ ಉಚಿತ ಚದುರಂಗ ಸರ್ವರಿನಲ್ಲಿ ಆಡುತ್ತಿದ್ದವನ ಊರಿನ ಕರೆಂಟು ನಡುವೆ ಹೋದರೆ ರ‍್ಯಾಮಿನಲ್ಲಿದ್ದುದೆಲ್ಲವೂ ಅಳಿಯುತ್ತಿತ್ತು. ಆದರೆ ಮುರಿದ ಆಟದ ಕಾಯಿಗಳು ನಿಂತಿದ್ದ ಮನೆಗಳನ್ನು ಸರ್ವರು ಬರೆದಿಟ್ಟುಕೊಳ್ಳುತ್ತಿತ್ತು. ಇಬ್ಬರೂ ಮತ್ತೆ ಬಂದಾಗ ಅಲ್ಲಿಂದಲೇ ಮುಂದುವರಿಸಬಹುದಾಗಿತ್ತು.