ಮುಖ ಹಾಕುವ ಖರ್ಚು, ಮುಚ್ಚುವ ಖರ್ಚು

ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಅಂಕೋಲೆ ಪಕ್ಕದ ಬೊಬ್ರುವಾಡದಂಥ ಊರಿನಲ್ಲೂ ಸರ್ಕಾರಿ ಫಲಕಗಳ ಮೇಲಿನ ರಾಜಕಾರಣಿಗಳ ಮುಖ ಮುಚ್ಚಲೇಬೇಕು. 2018ರ ಮಾರ್ಚ್ 27ರಿಂದ, ಮತ್ತೆ 2023ರ ಮಾರ್ಚ್ 29ರಿಂದ ರಾಜ್ಯದ ಎಲ್ಲೆಡೆ ಇದೇ ಕೆಲಸ. ಅಚ್ಚು ಹಾಕಿಸಿದ್ದೂ ತೆರಿಗೆ ಹಣದಲ್ಲಿ, ಮುಚ್ಚುವುದೂ ಅದರಲ್ಲೇ.

ಈ ಮುಖಗಳು ಇಲ್ಲದೆಯೂ ಹೋಗಬಹುದಿತ್ತು. ‘ಕಾಮನ್ ಕಾಸ್’ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಮೇ 13ರಂದು, ಸರ್ಕಾರಿ ಜಾಹೀರಾತಿನಲ್ಲಿ ಅಧಿಕಾರದಲ್ಲಿರುವವರ ಪೈಕಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಈ ಮೂವರ ಭಾವಚಿತ್ರ ಮಾತ್ರ ಇರಬಹುದು ಎಂದಿತು. ವ್ಯಕ್ತಿಪೂಜೆ ಬೆಳೆಯುತ್ತದೆಂಬುದು ನ್ಯಾಯಾಲಯದ ಆತಂಕ.

ಕೇಂದ್ರದ ಜೊತೆ ಕರ್ನಾಟಕವೂ ಮರುಪರಿಶೀಲನೆ ಕೇಳಿತು. ಉಳಿದ ವಿಷಯಗಳಲ್ಲಿ ಕಿತ್ತಾಡುವ ಪಕ್ಷಗಳಿಗೆ ಇಲ್ಲಿ ಒಂದೇ ದನಿ! ಪ್ರಧಾನಿಯ ಮುಖ ಇರಬಹುದಾದರೆ ಮುಖ್ಯಮಂತ್ರಿಯದೇಕೆ ಬೇಡ ಎಂಬ ರಾಜ್ಯಗಳ ವಾದದಲ್ಲಿ ಹುರುಳಿತ್ತು, ನಿಜ. ಆದರೆ ಎಲ್ಲರ ಚಿತ್ರ ತೆಗೆದಿದ್ದರೂ ಸಮಾನತೆಯೇ ಬರುತ್ತಿತ್ತಲ್ಲ? 2016ರ ಮಾರ್ಚ್ 18ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳು, ಸಚಿವರೂ ಪಟ್ಟಿಗೆ ಸೇರಿದರು.

ಉದ್ಯೋಗ ಖಾತ್ರಿ ಕಾಮಗಾರಿಯ ಫಲಕದಲ್ಲಿ ಅಂದಾಜು ವೆಚ್ಚ ಬರೆದಿರಬೇಕು. ಮುಖವಿರುವ ಫಲಕ ತನ್ನ ವೆಚ್ಚ ಹೇಳುವುದಿಲ್ಲ. ಅದು ಬೇಕಾದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಕಾಯಬೇಕು; ಉತ್ತರಿಸಲು ಇಲಾಖೆಗೆ ಕಾನೂನು ಕೊಟ್ಟ ಗಡುವು 30 ದಿನ.